ಬೆರಳು ಕಾಣುವ ಫೋನ್

ಇಬ್ರಾಹಿಂಸಾಬ ಗಾಜಿನ ಕಪಾಟಿನಿಂದ ಒಂದು ಫೋನ್ ತೆಗೆದು, ಸಿನಿಮಾ ಹಾಡೊಂದನ್ನು ಹಚ್ಚಿ, ಆವಾಜನ್ನು ಪೂರ್ತಿ ಏರಿಸಿದ. ಬಾಗಲಕೋಟೆ ನವನಗರದ ಆ ಅಂಗಡಿಯ ಮುಂದೆ ಬಸ್ಸಿಗೆ ಕಾಯುತ್ತ ನಿಂತವರು ಹೊರಳಿ ನೋಡಿದರು.

"ಕೇಳ್ರಿ ಅಕ್ಕಾರ, ಹೆಂಗೈತಿ! ಲಗ್ನದ ಮನ್ಯಾಗ ಹಚ್ಚಿದ್ರೂ ನಡೀತೈತಿ."

"ಆವಾಜ ಬಂದ್ ಮಾಡ್ರಿ," ಎಂದಳು ಸುನಂದಾ.

"ಅಂದ್ರ?"

"ನಮಗ ಆವಾಜ ಬೇಕಾಗಿಲ್ರಿ. ಇದರಾಗ ವಿಡಿಯೋ ತಗದ್ರ ಬೆರಳು ಬೇರೆ ಬೇರೆ ಕಾಣಸತಾವೋ ಇಲ್ಲೋ, ಅಷ್ಟ ನೋಡಬೇಕು."

ಅದು 2008ನೆಯ ಇಸವಿ. ಅಂಗಡಿಗೆ ಬಂದವರೆಲ್ಲ ಫೋನಿನ ಹಾಡು ಕೇಳಿಯೇ ಕೊಳ್ಳುತ್ತಿದ್ದ ಕಾಲ. ಆವಾಜ ಬೇಡ ಎಂದ ಗಿರಾಕಿಯನ್ನು ಇಬ್ರಾಹಿಂಸಾಬ ಅದೇ ಮೊದಲು ಕಂಡಿದ್ದ. ಸುನಂದಾ ಹೇಳಿದಳು: ಅವಳ ತಂಗಿ ಸುಶ್ಮಿತಾ ಹುಟ್ಟು ಕಿವುಡಿ, ಮಾತಿಲ್ಲ. ಶಿರೂರಿಗೆ ಕೊಟ್ಟಿದ್ದಾರೆ. ಅಕ್ಕ ತಂಗಿಯರ ಮಾತೆಲ್ಲ ಕೈಯಿಂದಲೇ. ಆ ಮಾತು ಫೋನಿನಲ್ಲಿ ಹೋಗಬೇಕು.

ಇಬ್ರಾಹಿಂಸಾಬ ಹಾಡು ನಿಲ್ಲಿಸಿದ. ಫೋನನ್ನು ಒಂದು ಡಬ್ಬಿಗೆ ಆನಿಸಿ ನಿಲ್ಲಿಸಿ, "ಮಾಡ್ರಿ ಹಂಗಾರ," ಎಂದ.

ಸುನಂದಾ ಫೋನಿನ ಮುಂದೆ ನಿಂತು ಕೈಯಾಡಿಸಿದಳು. ಬಳಿಕ ಇಬ್ಬರೂ ಬಗ್ಗಿ ನೋಡಿದರು. ಮುಖ ಚೆನ್ನಾಗಿಯೇ ಬಂದಿತ್ತು. ಕೈ ನಿಂತಲ್ಲಿ ಕೈ ಇತ್ತು, ಓಡಿದಲ್ಲಿ ಕಲಸಿದ ಹಿಟ್ಟಿನ ಹಾಗೆ ಒಂದು ಮುದ್ದೆ. ಎರಡನೆಯ ಫೋನಿನಲ್ಲಿ ಚಿತ್ರ ತಡೆದು ತಡೆದು ಓಡಿತು. ಅವಳು ಐದು ಮಾತು ಆಡಿದ್ದರೆ ಅದು ಮೂರನ್ನು ನುಂಗಿತ್ತು. ಮೂರನೆಯದು ಅರ್ಧ ನಿಮಿಷಕ್ಕೇ ನಿಂತುಬಿಟ್ಟಿತು. ನಾಲ್ಕನೆಯದನ್ನು ಇಬ್ರಾಹಿಂಸಾಬ ಒಳಗಿನಿಂದ ತಂದ. ಯಾರೋ ಗೋವಾದಿಂದ ತಂದು ಮಾರಿದ್ದು, ಒಂದೇ ತರದವು ಎರಡು.

"ಇದಕ ಸ್ಮಾರ್ಟ್‌ಫೋನ್ ಅಂತಾರ್ರಿ. ಬಳಸಿದ್ದು, ಆದ್ರ ಖರೆ ಮಾಲು."

ಅದರಲ್ಲಿ ಬೆರಳುಗಳು ಕಂಡವು. ಉಂಗುರದ ಬೆರಳು ಮಡಚಿದ್ದು, ಕಿರುಬೆರಳು ಬಿಚ್ಚಿದ್ದು, ಎಲ್ಲ. ಸುನಂದಾ ಅಷ್ಟಕ್ಕೆ ಬಿಡಲಿಲ್ಲ. ತಂಗಿಯ ಅಡಿಗೆಮನೆಯಲ್ಲಿ ಬೆಳಕು ಕಡಿಮೆ ಎಂದು ಅಂಗಡಿಯ ಹಿಂದಿನ ಕತ್ತಲೆ ಮೂಲೆಗೆ ಹೋಗಿ ನಿಂತು ಮತ್ತೊಮ್ಮೆ ತೆಗೆಸಿದಳು. ಚಿತ್ರ ಸ್ವಲ್ಪ ಮಸುಕಾಯಿತು, ಆದರೆ ಮಾತು ತಿಳಿಯಿತು. ಎರಡನ್ನೂ ಕೊಂಡಳು.

ಸುಶ್ಮಿತಾ ಆರು ವರ್ಷದವಳಿದ್ದಾಗ ತಾಯಿ ತೀರಿಕೊಂಡಿದ್ದಳು. ಅವಳನ್ನು ಬೆಳೆಸಿದವಳು ಐದು ವರ್ಷಕ್ಕೆ ದೊಡ್ಡವಳಾದ ಸುನಂದಾ. ಇಳಕಲ್ಲಿನ ಅವರ ಮನೆಯಲ್ಲಿ ತಂದೆ ಹೊಳಬಸಪ್ಪನದೊಂದು, ಸುನಂದಾಳದೊಂದು, ಎರಡು ಸೀರೆ ಮಗ್ಗ. ಮಗ್ಗದ ಸಪ್ಪಳದಲ್ಲಿ ಕಿವಿ ಇದ್ದವರಿಗೂ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಹಾಗಾಗಿ ಆ ಮನೆಯಲ್ಲಿ ಕೈಯ ಮಾತು ತಾನೇ ಬೆಳೆಯಿತು. ಮೂಗಿನ ಎಡಕ್ಕೆ ಬೆರಳು ಮುಟ್ಟಿಸಿದರೆ ಮೂಗುತಿ ಹಾಕುತ್ತಿದ್ದ ಅವ್ವ. ಹುಬ್ಬಿನ ಮೇಲೆ ಬೆರಳೆಳೆದರೆ, ಹುಬ್ಬಿನಲ್ಲಿ ಗಾಯದ ಗುರುತಿದ್ದ ಸುನಂದಾ. ಎರಡೂ ಅಂಗೈಗಳನ್ನು ತೊಡೆಯ ಮೇಲೆ ಸುಮ್ಮನೆ ಇಟ್ಟರೆ ಅಮಾವಾಸ್ಯೆ, ಯಾಕೆಂದರೆ ಅಂದು ಮಗ್ಗ ನಿಲ್ಲುತ್ತದೆ. ಹೀಗೆ ನೂರಾರು. ಸಾಲೆಯಲ್ಲಿ ಸುಶ್ಮಿತಾ ಕಲಿತದ್ದು ತನ್ನ ಹೆಸರು ಬರೆಯುವುದನ್ನು ಮಾತ್ರ. ಆದರೆ ಕೈ ಎತ್ತಿದರೆ ಅವಳಷ್ಟು ಮಾತುಗಾರ್ತಿ ಆ ಓಣಿಯಲ್ಲೇ ಇರಲಿಲ್ಲ. ಅದು ಗೊತ್ತಿದ್ದವಳು ಅಕ್ಕ ಒಬ್ಬಳೇ. ತಂದೆಗೂ ಅರ್ಧ ಮಾತ್ರ ತಿಳಿಯುತ್ತಿತ್ತು.

ಶಿರೂರಿನ ನಾಗಲಿಂಗನ ಮನೆಯವರೂ ನೇಕಾರರೇ, ಈಗ ಕಿರಾಣಿ ಅಂಗಡಿ ಇಟ್ಟಿದ್ದರು. ನಾಗಲಿಂಗನ ಮೊದಲ ಹೆಂಡತಿ ತೀರಿಕೊಂಡಿದ್ದಳು. ಅವನು ಕುಡಿಯುವವನಲ್ಲ, ಹೊಡೆಯುವವನಲ್ಲ. ಹುಡುಗಿಗೆ ಇಷ್ಟು ಸಿಕ್ಕಿದ್ದೇ ಪುಣ್ಯ ಎಂದು ಎಲ್ಲರೂ ಅಂದರು. ಮದುವೆಯಾಗಿ ಎರಡು ವರ್ಷಕ್ಕೆ ಸುಶ್ಮಿತಾ ಹೆರಿಗೆಗೆ ತವರಿಗೆ ಬಂದಳು, ಗಂಡು ಹುಟ್ಟಿತು. ಪ್ರಭು ಎಂದು ಹೆಸರಿಟ್ಟರು. ಕೂಸು ಅತ್ತರೆ ತನಗೆ ಕೇಳುವುದಿಲ್ಲವೆಂದು ಸುಶ್ಮಿತಾ ತಾನೇ ಒಂದು ಉಪಾಯ ಮಾಡಿದಳು. ಒಂದು ರೇಷ್ಮೆ ಎಳೆಯ ತುದಿಯನ್ನು ಕೂಸಿನ ಕಾಲಿಗೆ ಸಡಿಲಾಗಿ ಸುತ್ತಿ, ಇನ್ನೊಂದು ತುದಿಯನ್ನು ತನ್ನ ಮಣಿಕಟ್ಟಿಗೆ ಕಟ್ಟಿಕೊಂಡಳು. ಕೂಸು ಎದ್ದು ಕಾಲು ಒದ್ದರೆ ಸಾಕು, ಅಳುವ ಮೊದಲೇ ಅವಳು ಎದ್ದು ಕೂರುತ್ತಿದ್ದಳು.

ಹೆಸರಿಡುವ ದಿನ ಬಂದ ಅತ್ತೆ ಸಿದ್ದವ್ವ ಅದನ್ನು ನೋಡಿ, "ಅಯ್ಯ ನಮ್ಮವ್ವಾ, ದನಾ ಕಟ್ಟಿದಂಗ ಕಟ್ಟ್ಯಾಳಲ್ಲ," ಎಂದಳು. ಹೆಂಗಸರು ನಕ್ಕರು. ಎಲ್ಲರೂ ನಕ್ಕರೆಂದು ಸುಶ್ಮಿತಾಳೂ ನಕ್ಕಳು.

ಐದನೆಯ ತಿಂಗಳಿಗೆ ಕೂಸನ್ನೂ ಬಾಣಂತಿಯನ್ನೂ ಶಿರೂರಿಗೆ ಕಳಿಸಿದರು. ಫೋನ್ ಕೊಂಡದ್ದು ಆಗ. ಹೊಳಬಸಪ್ಪ ಎರಡನೆಯ ಮಾತಾಡದೆ ದುಡ್ಡು ತೆಗೆದುಕೊಟ್ಟಿದ್ದ.

ವಿಡಿಯೋ ಒಯ್ಯಲು ಮಲೀಕಸಾಬ ಇದ್ದ. ಇಳಕಲ್ಲಿನಿಂದ ಬಳೆಯ ಗಂಟು ಹೊತ್ತು ವಾರಕ್ಕೊಮ್ಮೆ ಶಿರೂರಿನ ಓಣಿಗಳಲ್ಲಿ ಮಾರಿ ಬರುವ ಮುದುಕ. ಉಗುರಿನಷ್ಟು ಗಾತ್ರದ ಮೆಮರಿ ಕಾರ್ಡನ್ನು ಸುನಂದಾ ಕಾಗದದಲ್ಲಿ ಮಡಚಿ ಕೊಡುತ್ತಿದ್ದಳು. ಅವನು ಅದನ್ನು ಸುಶ್ಮಿತಾಳಿಗೆ ಮುಟ್ಟಿಸಿ, ಅವಳು ಕೊಟ್ಟ ಕಾರ್ಡನ್ನು ಮರಳಿ ತರುತ್ತಿದ್ದ. ನಾಲ್ಕು ತಿಂಗಳು ಹೀಗೆ ನಡೆಯಿತು. ಪ್ರಭು ಬೋರಲು ಬಿದ್ದದ್ದು, ಒಂದು ಹಲ್ಲು ಮೂಡಿದ್ದು, ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಡೆಯುವ ಚಂದ, ಗಂಡ ನಿದ್ದೆಯಲ್ಲಿ ಬಾಯಿ ತೆರೆಯುವುದು, ಎಲ್ಲವೂ ಆ ಕಾರ್ಡುಗಳಲ್ಲಿ ಬಂದವು. ಸುನಂದಾ ಮಗ್ಗದ ಮೇಲೆ ಕೂತು ನೋಡಿ ಒಬ್ಬಳೇ ನಗುತ್ತಿದ್ದಳು.

ಮಾಘ ಮಾಸದ ಒಂದು ಭಾನುವಾರ ಮಲೀಕಸಾಬ ತಂದ ಕಾರ್ಡು ಓಡಲಿಲ್ಲ. ಫೋನಿನ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಬಂದು ನಿಂತಿತು. ಎಷ್ಟು ಸಲ ಒತ್ತಿದರೂ ಅದೇ ಸಾಲು.

"ಕಾಕಾ, ಕಾರ್ಡ ನೀರಾಗ ಬಿದ್ದಿತ್ತೇನ?"

"ಇಲ್ಲ ಮಗಳ. ಆದ್ರ ಆಕಿ ಕೈಯಾಗ ಬ್ಯಾರೆ ಫೋನ್ ಇತ್ತು ನೋಡು. ಕೆಂಪಂದು, ಲೈಟ್ ಹತ್ತತಾವಲ್ಲ, ಅಂಥಾದ್ದು. ಹಳೇದನ್ನ ನಿಮ್ಮ ನಾಗಲಿಂಗ ಅಂಗಡ್ಯಾಗ ಹಾಡು ಕೇಳಾಕ ಇಟ್ಟಕೊಂಡಾನ." ಬಳೆಯ ಗಂಟು ಇಳಿಸುತ್ತ ಮುದುಕ ಮತ್ತೊಂದು ಮಾತು ಹೇಳಿದ. "ಕಾರ್ಡ ಕೊಡೂಮುಂದ ಕೈ ಮುಗದ್ಲು. ಯಾಕೋ ಏನೋ. ನಾನೂ ಮುಗದೆ."

ಸುನಂದಾ ನಾಗಲಿಂಗನಿಗೆ ಫೋನ್ ಮಾಡಿದಳು.

"ಎಲ್ಲಾ ಆರಾಮ ಅದಾರ್ರಿ ಅಕ್ಕಾರ. ಕೂಸು ಆರಾಮ, ಆಕಿನೂ ಆರಾಮ," ಎಂದ ಅವನು. ಹಿಂದಿನಿಂದ ಹಾಡು ಕೇಳುತ್ತಿತ್ತು.

ಆ ದನಿಯನ್ನು ಅವಳು ನಂಬಿದಳು. ನಂಬದಿರಲು ಕಾರಣವಿರಲಿಲ್ಲ, ಹೋಗಲು ದಾರಿಯೂ ಇರಲಿಲ್ಲ. ಹೊಳಬಸಪ್ಪನಿಗೆ ಆ ವಾರವೇ ಚಳಿಜ್ವರ ಏರಿ ದವಾಖಾನೆಯಲ್ಲಿ ಮಲಗಿಸಿದ್ದರು. ಅವನ ಹತ್ತಿರ ಇರಲು ಅವಳ ಹೊರತು ಯಾರೂ ಇರಲಿಲ್ಲ.

ಆದರೂ ಕೈ ಮುಗಿದಳು ಎಂಬ ಮಾತು ಒಳಗೆ ಕೊರೆಯುತ್ತಿತ್ತು. ಬುಧವಾರ, ತಂದೆಗೆ ಗಂಜಿ ಕುಡಿಸಿ ಮಲಗಿಸಿ, ಇಳಕಲ್ಲಿನ ಅಂಗಡಿಗಳಿಗೆ ಕಾರ್ಡು ಹಿಡಿದು ಹೋದಳು. ಮೊದಲನೆಯವನು ಎರಡು ಫೋನಿನಲ್ಲಿ ಹಾಕಿ ನೋಡಿ, "ಕಾರ್ಡ ಕೆಟ್ಟೇತ್ರಿ. ಎಲ್ಲಾ ಅಳಿಸಿ ಹೊಸದು ಮಾಡಿಕೊಡ್ಲೇನ?" ಎಂದ. ಅವಳು ಅವನ ಕೈಯಿಂದ ಕಾರ್ಡನ್ನು ಕಸಿದುಕೊಂಡಳು. ಎರಡನೆಯ ಅಂಗಡಿಯಲ್ಲಿ ಒಂದು ಫೋನ್ ಅದನ್ನು ಒಪ್ಪಿಕೊಂಡಿತು. ಪರದೆ ಕಪ್ಪಾಗಿಯೇ ಉಳಿಯಿತು, ಆದರೆ ಕೆಳಗೆ ಗಡಿಯಾರ ಓಡತೊಡಗಿತು.

"ಬಂತ್ರಿ! ಆವಾಜ ಬಂತು," ಎಂದು ಅಂಗಡಿಯವನು ಹಿಗ್ಗಿದ. "ಚಿತ್ರ ಹೋಗೇತಿ, ಮಾತಂತೂ ಉಳದಾವು. ಕೇಳ್ರಿ."

ಇಬ್ಬರೂ ಕೇಳಿದರು. ಎಲ್ಲೋ ಕುಕ್ಕರ್ ಸೀಟಿ ಹಾಕಿತು. ಕೂಸು ಒಮ್ಮೆ ಕೇಕೆ ಹಾಕಿತು. ಅದರ ಮೇಲೆ, ಒಂದೇ ಸವನೆ, ಬಳೆಗಳ ಸಪ್ಪಳ. ಎರಡೂವರೆ ನಿಮಿಷ ಬರೀ ಬಳೆಗಳು.

"ಯಾರೂ ಏನೂ ಮಾತಾಡೇ ಇಲ್ಲಲ್ರಿ," ಎಂದ ಅಂಗಡಿಯವನು. "ಖಾಲಿ ಐತಿ."

ಖಾಲಿಯಾಗಿರಲಿಲ್ಲ. ತಂಗಿ ಬಹಳ ಅವಸರದಲ್ಲಿ ಮಾತಾಡುತ್ತಿದ್ದಾಳೆ ಎಂಬುದು ಸುನಂದಾಳಿಗೆ ಆ ಸಪ್ಪಳದಿಂದಲೇ ತಿಳಿಯಿತು. ಬಳೆಗಳು ಒಮ್ಮೊಮ್ಮೆ ಒಂದಕ್ಕೊಂದು ಬಡಿದು ಕಿರುಚಿದಂತೆ ಕೇಳುತ್ತಿದ್ದವು. ಆದರೆ ಏನು ಹೇಳುತ್ತಿದ್ದಾಳೆ? ಅವಳು ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಕೂತು ಅದನ್ನು ಮತ್ತೆ ಮತ್ತೆ ಹಾಕಿಸಿ ಕೇಳಿದಳು. ಆರನೆಯ ಸಲಕ್ಕೆ ಅಂಗಡಿಯವನು ಕಾರ್ಡು ತೆಗೆದು ಕೊಟ್ಟುಬಿಟ್ಟ.

ಹೊಳಬಸಪ್ಪನನ್ನು ಶನಿವಾರ ಅಮಾವಾಸ್ಯೆಯ ದಿನ ಮನೆಗೆ ಕಳಿಸಿದರು. ಎದ್ದು ನಿಲ್ಲುವಷ್ಟು ಶಕ್ತಿ ಬಂದದ್ದು ಸೋಮವಾರ. ಮಂಗಳವಾರ ಮೊದಲ ಬಸ್ಸಿಗೆ ಸುನಂದಾ ಬಾಗಲಕೋಟೆಗೆ ಹೊರಟಳು. ಬಸ್ಸು ಶಿರೂರಿನ ಮೇಲೆಯೇ ಹಾದು ಹೋಯಿತು. ಇಳಿದುಬಿಡಲೇ ಎಂದು ಒಮ್ಮೆ ಅನ್ನಿಸಿತು. ತಂಗಿ ಏನು ಹೇಳಿದ್ದಾಳೆಂದು ತಿಳಿಯದೆ ಅತ್ತೆ ಮನೆಯವರ ಮುಂದೆ ಹೋಗಿ ನಿಲ್ಲುವುದು ಹೇಗೆ ಎಂದು ಕೂತೇ ಇದ್ದಳು.

ಇಬ್ರಾಹಿಂಸಾಬನಿಗೆ ಅವಳ ನೆನಪಿತ್ತು. ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ನೋಡಿದ.

"ಕಾರ್ಡ ಕೆಟ್ಟಿಲ್ರಿ ಅಕ್ಕಾರ. ಚೈನಾ ಫೋನಿನ್ಯಾಗ ತಗದ ವಿಡಿಯೋ ಇದು. ಅದರ ರೀತಿ ಬ್ಯಾರೆ, ನಿಮ್ಮ ಫೋನಿಗಿ ಓದಾಕ ಬರೂದಿಲ್ಲ. ಹೊಳ್ಳಿಸಿ ಕೊಡ್ತೇನಿ, ಕುಂಡರ್ರಿ."

ಅರ್ಧ ತಾಸು ಹಿಡಿಯಿತು. ಬಳಿಕ ಅವನು ಕಂಪ್ಯೂಟರಿನ ಪರದೆಯನ್ನು ಅವಳ ಕಡೆ ತಿರುಗಿಸಿದ. ಸುಶ್ಮಿತಾ ಅಡಿಗೆಮನೆಯ ನೆಲದ ಮೇಲೆ ಕೂತಿದ್ದಳು, ಕೂಸು ಮಗ್ಗುಲಲ್ಲಿ. ಚಿತ್ರ ಚೆನ್ನಾಗಿಯೇ ಓಡಿತು. ಬೆರಳು ಅಲ್ಲಲ್ಲಿ ಮಸುಕಾದವು, ಆದರೆ ಅವಳು ಒಂದೊಂದು ಮಾತನ್ನೂ ಎರಡೆರಡು ಸಲ ಆಡಿದ್ದಳು.

ಅಕ್ಕಾ. ಗಂಡನ ಅಣ್ಣ, ಅವನ ಹೆಂಡತಿ ಬರುತ್ತಾರೆ. ಅವರಿಗೆ ಮಕ್ಕಳಿಲ್ಲ. ನನ್ನ ಕೂಸನ್ನು ಒಯ್ಯುತ್ತಾರೆ, ದೂರ. ನನಗೆ ಕಿವಿ ಇಲ್ಲ, ಅದಕ್ಕೆ. ಮಗ್ಗ ನಿಲ್ಲುವ ದಿನ ಒಯ್ಯುತ್ತಾರೆ, ಅತ್ತೆ ಕ್ಯಾಲೆಂಡರಿನಲ್ಲಿ ತೋರಿಸಿದಳು. ಅದಕ್ಕಿಂತ ಮೊದಲು ಬಾ. ನೀನು ಬಾಯಿಂದ ಹೇಳು. ನಾನು ಹೇಳಿದ್ದು ಇಲ್ಲಿ ಯಾರಿಗೂ ತಿಳಿಯುವುದಿಲ್ಲ. ನೀನು ಬಾ.

ಅಲ್ಲಿಂದ ಮುಂದೆ ಬರೀ 'ಬಾ'. ಕೂಸನ್ನು ಎತ್ತಿ ತೋರಿಸಿ 'ಬಾ', ಕಣ್ಣೊರೆಸಿಕೊಂಡು 'ಬಾ'.

"ಏನಂತಾರ್ರಿ?" ಎಂದ ಇಬ್ರಾಹಿಂಸಾಬ.

ಸುನಂದಾ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಅಮಾಸಿ ಯಾವಾಗ ಆತ್ರಿ?" ಎಂದಳು.

"ಶನಿವಾರ ಆತಲ್ರಿ."

ಅವನು ಆ ವಿಡಿಯೋವನ್ನು ಅವಳ ಫೋನಿಗೆ ಓದಲು ಬರುವಂತೆ ಹಾಕಿಕೊಟ್ಟ. ದುಡ್ಡು ಬೇಡ ಎಂದ. ಅವಳು ಕೇಳಿಸಿಕೊಳ್ಳದೆ ಬಸ್ಸಿನ ಕಡೆ ಓಡಿದ್ದಳು.

ಶಿರೂರಿನಲ್ಲಿ ಸಿದ್ದವ್ವ ಅಂಗಡಿಯ ಮುಂದೆ ಕೂತು ಶೇಂಗಾ ಹಸನು ಮಾಡುತ್ತಿದ್ದಳು. ಸುನಂದಾಳ ಮುಖ ನೋಡಿಯೇ ಅವಳಿಗೆ ತಿಳಿಯಿತು. "ಬಾ ಯವ್ವಾ, ಕುಂಡ್ರು," ಎಂದಳು.

"ಕೂಸು ಎಲ್ಲೈತ್ರಿ ಅತ್ತಿ?"

"ಸೊಲ್ಲಾಪುರದಾಗ ಐತಿ, ದೊಡ್ಡವನ ಮನ್ಯಾಗ. ಯಾರೋ ಪರರ ಮನ್ಯಾಗ ಅಲ್ಲ." ಸಿದ್ದವ್ವ ಶೇಂಗಾದ ಮೊರವನ್ನು ಪಕ್ಕಕ್ಕಿಟ್ಟಳು. "ನೀ ಸಿಟ್ಟಿಗೇಳಬ್ಯಾಡ. ಹೋದ ತಿಂಗಳ ಕೂಸು ತೊಟ್ಟಿಲದಾಗಿಂದ ಬಿದ್ದು ಒದ್ದ್ಯಾಡಿ ಅಳಾಕತ್ತಿತ್ತು. ಈಕಿ ಹಿತ್ತಲದಾಗ ಅರಿವಿ ಒಗ್ಯಾಕತ್ತಿದ್ಲು. ನಾ ಬರೂತನಾ ಹಣಿ ತುಂಬ ರಕ್ತ. ನಾ ಇನ್ನೆಷ್ಟ ವರ್ಷ ಇರ್ತೇನಿ? ಕೂಸಿಗಿ ಮಾತ ಯಾರ ಕಲಸ್ತಾರ? ನೀನ ಹೇಳು."

"ಆಕಿನ್ನ ಕೇಳಿದ್ರೇನ?"

ಒಳಗಿನಿಂದ ಬಂದ ನಾಗಲಿಂಗ ಬಾಗಿಲಲ್ಲೇ ನಿಂತು ಹೇಳಿದ: "ದತ್ತಕ ಕಾಗದ ಆಗೇತ್ರಿ ಅಕ್ಕಾರ. ಆಕಿನೂ ಸಹಿ ಮಾಡ್ಯಾಳ."

"ಅದು ಏನ ಕಾಗದ ಅಂತ ತಿಳಿಸಿ ಹೇಳಿದ್ರೇನು?"

"ಹೆಂಗ ಹೇಳಬೇಕಿತ್ರಿ?" ಎಂದ ಅವನು. ಅದು ಎದುರುತ್ತರವಾಗಿರಲಿಲ್ಲ. ನಿಜವಾಗಿಯೂ ಅವನಿಗೆ ಗೊತ್ತಿರಲಿಲ್ಲ. ಅವನ ಕಣ್ಣು ಕೆಂಪಾಗಿದ್ದವು. "ನೀವು ಫೋನ್ ಮಾಡಿದಾಗ ಹೇಳಾವ ಇದ್ದೆ. ನೀವು ಬಂದ್ರ ಜಗಳ ಆಕ್ಕೈತಿ ಅಂತ ಅವ್ವ ಬ್ಯಾಡಂದ್ಲು."

ಸುನಂದಾ ಅವನನ್ನು ದಾಟಿ ಒಳಗೆ ಹೋದಳು. ಸುಶ್ಮಿತಾ ಅಡಿಗೆಮನೆಯಲ್ಲಿ ಗೋಡೆಗೆ ಆತು ಕೂತಿದ್ದಳು. ರವಿಕೆಯ ಮುಂಭಾಗ ಹಾಲಿನಿಂದ ಒದ್ದೆಯಾಗಿತ್ತು. ಅಕ್ಕನನ್ನು ನೋಡಿ ಅವಳು ಏಳಲಿಲ್ಲ.

ಸುನಂದಾ ಎದುರಿಗೆ ಕೂತು ಕೈ ಎತ್ತಿದಳು. ಅಪ್ಪನಿಗೆ ಜ್ವರ, ದವಾಖಾನೆ ಎಂದಳು. ಅದು ತಿಳಿಯಿತು. ಆದರೆ ಮುಂದಿನದನ್ನು ಹೇಳಲು ಕೈಗೆ ಮಾತೇ ಸಿಗಲಿಲ್ಲ. ಕಾರ್ಡು ಬಂತು, ಕಣ್ಣಿಗೆ ಕಾಣಲಿಲ್ಲ ಎಂದಳು. ಸುಶ್ಮಿತಾ ಹುಬ್ಬು ಗಂಟಿಕ್ಕಿದಳು. ಫೋನ್ ಬೇರೆ, ಅದರ ರೀತಿ ಬೇರೆ, ನನ್ನ ಫೋನಿಗೆ ಓದಲು ಬರಲಿಲ್ಲ: ಇದನ್ನು ಹೇಳುವುದು ಹೇಗೆ? ಇಪ್ಪತ್ತು ವರ್ಷ ಕೂಡಿ ಕಟ್ಟಿದ ಆ ಮಾತಿನಲ್ಲಿ ಅದಕ್ಕೊಂದು ಗುರುತು ಇರಲಿಲ್ಲ. 'ಕುರುಡು' ಎಂದು ಫೋನಿನ ಮೇಲೆ ಕೈ ಮುಚ್ಚಿ ತೋರಿಸಿದಳು. 'ಕೆಟ್ಟಿತು' ಎಂದಳು. ತೋರಿಸಿಯೇ ಹೇಳೋಣವೆಂದು ಫೋನ್ ತೆಗೆದು ಆ ವಿಡಿಯೋ ಹಚ್ಚಿದಳು.

ವಿಡಿಯೋ ಓಡಿತು. ಎಲ್ಲೂ ತಡೆಯದೆ, ಸ್ವಚ್ಛವಾಗಿ. ಅಕ್ಕಾ, ಬಾ, ಮಗ್ಗ ನಿಲ್ಲುವ ಮೊದಲು ಬಾ.

ಸುಶ್ಮಿತಾ ತನ್ನನ್ನೇ ತಾನು ಕೊನೆಯವರೆಗೆ ನೋಡಿದಳು. ಬಳಿಕ ಅಕ್ಕನ ಮುಖ ನೋಡಿದಳು. ಒಂದು ಬೆರಳಿನಿಂದ ಫೋನನ್ನು ತೋರಿಸಿ, ಅದೇ ಬೆರಳನ್ನು ಅಕ್ಕನ ಕಣ್ಣಿನತ್ತ ತಂದು, 'ನೀನು ನೋಡಿದ್ದೆ' ಎಂದಳು.

ಸುನಂದಾ ತಲೆ ಅಲ್ಲಾಡಿಸಿದಳು. ಇಂದು, ಇಂದು ನೋಡಿದ್ದು ಎಂದು ಎರಡೂ ಕೈಯಿಂದ ಹೇಳಿದಳು. ಅಷ್ಟರಲ್ಲಿ ಸುಶ್ಮಿತಾ ಕಣ್ಣು ಮುಚ್ಚಿಕೊಂಡಿದ್ದಳು. ಸುನಂದಾ ಅವಳ ಭುಜ ಹಿಡಿದು ಅಲುಗಿಸಿದಳು, ಕೆನ್ನೆ ತಟ್ಟಿದಳು, ಕೊನೆಗೆ ಅವಳ ಅಂಗೈಯನ್ನು ತನ್ನ ಹುಬ್ಬಿನ ಗಾಯದ ಮೇಲೆ ಒತ್ತಿ ಹಿಡಿದಳು. ರೆಪ್ಪೆ ತೆರೆಯಲಿಲ್ಲ. ಜೀವ ಹಿಂಡಿ 'ಸುಶ್ಮಿ' ಎಂದು ಕೂಗಿದಳು ಕೂಡ. ಆ ಕೂಗು ಅಂಗಡಿಯ ಮುಂದಿನ ಗಿರಾಕಿಗಳಿಗೆಲ್ಲ ಕೇಳಿತು.

ಓಡಾಡುವಷ್ಟು ಬಲ ಬಂದ ಮೇಲೆ ಹೊಳಬಸಪ್ಪ ಸುನಂದಾಳನ್ನು ಕರೆದುಕೊಂಡು ಸೊಲ್ಲಾಪುರಕ್ಕೆ ಹೋದ. ಅಲ್ಲಿ ಜಗಳವಾಡಲೂ ಏನೂ ಸಿಗಲಿಲ್ಲ. ನಾಗಲಿಂಗನ ಅತ್ತಿಗೆ ಕೂಸನ್ನು ಎದೆಗವಚಿಕೊಂಡು, "ಕಾಲ ಬೀಳ್ತೇನಿ, ಒಯ್ಯಬ್ಯಾಡ್ರಿ," ಎಂದು ಅತ್ತಳು. ಪ್ರಭು ಮೈಕೈ ತುಂಬಿಕೊಂಡಿದ್ದ, ಅವಳ ಕೊರಳಿನ ಸರ ಹಿಡಿದು ಆಡುತ್ತಿದ್ದ. ಸುನಂದಾ ಕೈಚಾಚಿದಾಗ ಮುಖ ತಿರುಗಿಸಿದ. ವಕೀಲರೊಬ್ಬರನ್ನು ಕೇಳಿದರು. ಸಹಿ ಇದೆ, ಗಂಡನ ಒಪ್ಪಿಗೆ ಇದೆ, ವರ್ಷಗಟ್ಟಲೆ ಹಿಡಿಯುತ್ತದೆ, ತಾಯಿಯೇ ಬಂದು ಹೇಳಬೇಕು ಎಂದರು ಅವರು. ತಾಯಿಯ ಮಾತನ್ನು ತಿಳಿಸಿ ಹೇಳಬಲ್ಲವಳು ಸುನಂದಾ ಒಬ್ಬಳೇ. ಅವಳ ಮುಂದೆ ತಾಯಿ ಈಗ ಕೈ ಎತ್ತುತ್ತಿರಲಿಲ್ಲ.

ಸುನಂದಾ ಮತ್ತೆ ಮತ್ತೆ ಕಾರ್ಡು ಕಳಿಸಿದಳು. ಮಲೀಕಸಾಬ ಅವುಗಳನ್ನು ಒಯ್ದ ಹಾಗೆಯೇ ತಂದ. "ತಗೊಳ್ಳೂದಿಲ್ಲ ಮಗಳ," ಎಂದ. "ಬಳೀನೂ ಇಡಿಸಿಕೊಳ್ಳಾಕ ಬರೂದಿಲ್ಲ ಈಗ."

ಮುಂದಿನ ನಾಗರಪಂಚಮಿಗೆ ಹೊಳಬಸಪ್ಪ ಹೋಗಿ ಸಣ್ಣ ಮಗಳನ್ನು ಕರೆದು ತಂದ. ಅವಳು ಬಂದಳು, ಉಂಡಿ ಕಟ್ಟಿದಳು, ಅಪ್ಪನ ತಲೆಗೆ ಎಣ್ಣೆ ಹಚ್ಚಿದಳು. ಎರಡನೆಯ ದಿನ ಮುಂಜಾನೆ ಹಿತ್ತಲಿನಲ್ಲಿ ಇಬ್ಬರೇ ಇದ್ದಾಗ ಸುನಂದಾ ಎದುರಿಗೆ ಕೂತು ನಿಧಾನವಾಗಿ, ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ, ಆ ವಾರದಲ್ಲಿ ನಡೆದದ್ದನ್ನೆಲ್ಲ ಮೊದಲಿನಿಂದ ಹೇಳಿದಳು. ಸುಶ್ಮಿತಾ ಈ ಸಲ ಕಣ್ಣು ಮುಚ್ಚಲಿಲ್ಲ. ಕೊನೆಯವರೆಗೂ ನೋಡಿದಳು. ಆಮೇಲೆ ನಕ್ಕು, ಹೌದು ಹೌದು ಎಂಬಂತೆ ತಲೆಯಾಡಿಸಿದಳು.

ಆ ನಗು ಸುನಂದಾಳಿಗೆ ಗೊತ್ತಿತ್ತು. ಪೇಟೆಯಲ್ಲಿ, ಬಸ್ಸಿನಲ್ಲಿ, ಗುರುತಿಲ್ಲದವರು ಬಾಯಿ ಆಡಿಸಿ ಏನೋ ಕೇಳಿದಾಗ, ಏನೂ ತಿಳಿಯದೆ, ಅವರಿಗೆ ಬೇಸರವಾಗದಿರಲಿ ಎಂದು ತಂಗಿ ನಗುತ್ತಿದ್ದುದೂ ತಲೆಯಾಡಿಸುತ್ತಿದ್ದುದೂ ಹೀಗೆಯೇ.